ನೀರಿನ ಮೇಲೆ ಚರಗ

ಹಂಪಮ್ಮನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಪ್ರತಿ ಶೀಗಿಹುಣ್ಣಿಮೆಗೆ ದೋರನಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಚರಗದ ಬುಟ್ಟಿ ಹೊತ್ತುಕೊಂಡು ಕೃಷ್ಣೆಯ ಹಿನ್ನೀರಿನ ದಂಡೆಗೆ ಬರುತ್ತಾಳೆ. ಅವತ್ತು ಬಸುರಿ ಭೂಮಿತಾಯಿಗೆ ಉಣಿಸುವ ದಿನ. ಎಲ್ಲರೂ ತಂತಮ್ಮ ಹೊಲದಲ್ಲಿ ಕಡುಬು, ಅನ್ನದ ಚರಗ ಚೆಲ್ಲಿ, ಅಲ್ಲೇ ಕೂತು ಉಂಡು ಬರುತ್ತಾರೆ. ಇವಳ ಹೊಲ ಅಣೆಕಟ್ಟಿನ ನೀರಿನೊಳಗಿದೆ. ದಂಡೆಯಿಂದಲೇ ಒಂದು ಹಿಡಿ ಎಸೆದು ನನ್ನ ಕಡೆ ತಿರುಗುತ್ತಾಳೆ.

"ಅಮಾತೆಪ್ಪಣ್ಣ, ಹೊಲದ ಮ್ಯಾಲೆ ಒಯ್ತೀಯೇನು?"

ಆಗ ನನ್ನದು ದುಂಡು ಹರಿಗೋಲು. ಗುಡ್ಡದ ಮರೆಯ ಹಳ್ಳದ ಬಾಯಿಗಳಲ್ಲಿ ನೀರು ಅಲುಗದೆ ನಿಂತಿರುತ್ತದೆ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಓಡಾಡಿಸುತ್ತಿದ್ದೆ. ಅದರಾಚೆ ಬಟ್ಟಬಯಲು ನೀರು. ಅಲ್ಲಿನ ಗಾಳಿಗೆ ಹರಿಗೋಲು ಬುಗುರಿಯಾಗುತ್ತದೆ. "ಹೊಲ ಮುಳುಗಿದ್ದು ಸಾಲದೇನು? ನೀನೂ ಮುಳುಗ್ಬೇಕಾ? ಸುಮ್ನ ಮನಿಗೆ ಹೋಗು" ಎಂದು ವರ್ಷ ವರ್ಷವೂ ಬೈದು ಕಳಿಸಿದ್ದೇನೆ. ನನ್ನ ಬಾಯಿ ಒಳ್ಳೆಯದಲ್ಲ, ಊರಿಗೆಲ್ಲ ಗೊತ್ತು.

ಹೋದ ವರ್ಷ ಹುಣ್ಣಿಮೆ ಮುಗಿದ ಮೇಲೆ ಯಾರೋ ಪ್ರವಾಸಿಗರಿಗೆಂದು ಕಯಾಕು ಎಂಬ ಪ್ಲಾಸ್ಟಿಕ್ಕಿನ ಉದ್ದುದ್ದ ದೋಣಿಗಳನ್ನು ತಂದಿಟ್ಟು, ನೋಡಿಕೊಳ್ಳಲು ನನ್ನನ್ನು ನೇಮಿಸಿದರು. ಮೊದಲ ದಿನ ಹರಿಗೋಲಿನ ರೂಢಿಯಲ್ಲಿ ಮುಂದಕ್ಕೆ ಬಾಗಿ ಹುಟ್ಟು ಚುಚ್ಚಿ ಎಳೆದೆ. ಹಾಳಾದ್ದು, ಮಗುಚಿಯೇಬಿಟ್ಟಿತು! ಸುರಪುರದಿಂದ ಬಂದಿದ್ದ ಮಂದಿ ಹೊಟ್ಟೆ ಹಿಡಿದು ನಕ್ಕರು. ಈಗ ಕೈ ಕುದುರಿದೆ.

ಈ ಸಲ ಹಂಪಮ್ಮ ಕಯಾಕು ನೋಡಿ ಏನೂ ಕೇಳಲಿಲ್ಲ. ಬುಟ್ಟಿ ಇಳಿಸಿ ಅದರ ಪಕ್ಕದಲ್ಲಿ ಕೂತುಬಿಟ್ಟಳು. ನನಗೆ ಸಿಟ್ಟು ಬಂತು.

"ಈ ವಯಸ್ಸಿನಾಗ ಯಾಕಿಷ್ಟು ಹಟ ಹಂಪಕ್ಕ?"

"ನೀರು ಬಂದ ವರ್ಷ ನಾ ಹೊಸ ಸೊಸಿ," ಎಂದಳು. "ಸಜ್ಜಿ ಹಾಲುಗಟ್ಟಿತ್ತು. ಮರುದಿನ ಚರಗ ಅಂತ ಕಡುಬು ಮಾಡಿಟ್ಟಿದ್ನಿ. ಬೆಳಗಾಗೂದ್ರಾಗ ಹೊಲ ತುಂಬ ನೀರು. ನಮ್ಮನ್ನ ಟ್ರ್ಯಾಕ್ಟರ್ ಹತ್ತಿಸಿದ್ರು. ಬಸುರಿ ಭೂಮಿತಾಯಿನ್ನ ಹಸದ ಹೊಟ್ಟಿಲೆ ಬಿಟ್ಟು ಬಂದೀನೋ ಯಣ್ಣಾ. ಅವತ್ತಿನಿಂದ ಈ ಹುಣ್ಣಿಮಿಗೆ ನನಗ ತುತ್ತು ಇಳಿದಿಲ್ಲ."

ನಲವತ್ತು ವರ್ಷ ಬೈದು ಕಳಿಸಿದ್ದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! "ಏಳು, ಈ ತೇಲೋ ಜಾಕೀಟು ಹಾಕ್ಕೋ," ಎಂದೆ. "ಒಂದು ಮಾತು. ಹಿಂದಕ್ಕ ತಿರುಗಿ ನೋಡಬ್ಯಾಡ, ಮಗುಚ್ತದ."

ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅವಳು ಮುಂದೆ ಕೂತಳು, ಹಿಂದೆ ನಾನು. ಹಳ್ಳದ ಬಾಯಿಗಳನ್ನು ಒಂದೊಂದಾಗಿ ದಾಟುವವರೆಗೆ ಸುಖವಾಗಿತ್ತು. ಅವಳು ಎದುರಿನ ಗುಡ್ಡದ ಮೇಲಿನ ಜೋಡಿಗಲ್ಲು ತೋರಿಸಿದಳು. "ಕಳೆ ತೆಗೆದು ನಡು ನೆಟ್ಟಗ ಮಾಡಿದಾಗೆಲ್ಲ ಅವನ್ನೇ ನೋಡ್ತಿದ್ನಿ. ಒಂದರ ಹಿಂದ ಒಂದು ಅಡಗಿ ಒಂದೇ ಕಲ್ಲು ಕಂಡ್ರ, ಅದೇ ನಮ್ಮ ಹೊಲ."

ಬಯಲಿಗೆ ಬಿದ್ದೆವು. ಮೂಡಗಾಳಿ ಮುಖಕ್ಕೆ ಹೊಡೆಯಿತು, ತೆರೆ ಮಡಿಲಿಗೆ ನುಗ್ಗಿತು. ಕಲ್ಲುಗಳು ಒಂದಕ್ಕೊಂದು ಹತ್ತಿರವಾದವು, ಅಷ್ಟರಲ್ಲಿ ಗಾಳಿ ನಮ್ಮನ್ನು ಪಕ್ಕಕ್ಕೆ ನೂಕಿತು. ಮತ್ತೆ ಎಳೆದೆ, ಮತ್ತೆ ನೂಕಿತು. ನನ್ನ ರಟ್ಟೆ ಸೋತಿತು.

"ಸಾಕು ಹಂಪಕ್ಕ, ಇಲ್ಲೇ ಚೆಲ್ಲು!"

"ಇದು ಮಂದಿ ಹೊಲ!" ಎಂದು ಗದರಿದಳು.

ಹಲ್ಲು ಕಚ್ಚಿ ಮೂರನೇ ಸಲ ಎಳೆದೆ. ಎರಡು ಕಲ್ಲು ಒಂದಾದವು. ಅವಳು ಕಡುಬು ಮುರಿದು ಎರಡೂ ಕೈಯಿಂದ ಚೆಲ್ಲಿದಳು. ಅರ್ಧ ಗಾಳಿಗೆ ತಿರುಗಿ ಬಂದು ನನ್ನ ಮೀಸೆಗೆ ಹತ್ತಿತು. ಚರಗ ಚೆಲ್ಲುವಾಗ ಎಲ್ಲರೂ ಹಾಕುವ ಕೂಗು ಹಾಕುತ್ತಾಳೆಂದು ಕಾದೆ. ಅವಳು ಕೂಗಲಿಲ್ಲ. ಬಾಗಿ, ನೀರಿಗಷ್ಟೇ ಕೇಳುವಂತೆ ಹೇಳಿದಳು:

"ಉಣ್ಣವ್ವಾ. ತಡಾ ಆತು. ಉಣ್ಣು."

ದಂಡೆಯ ಕಡೆಗೆ ಕಯಾಕು ತಿರುಗಿಸಿದೆ.

ಈಚೆ ದಂಡೆಯ ಗುಡ್ಡದ ಮರೆಗೆ ಬಂದ ಮೇಲೆ ಅವಳು ಬುಟ್ಟಿಯ ತಳದಿಂದ ಒಂದು ಕಡುಬು ತೆಗೆದಳು. ಬಾಯಿಯ ಹತ್ತಿರ ಒಯ್ದು ತಡೆದಳು. ಕುತ್ತಿಗೆ ಹಿಂದಕ್ಕೆ ತಿರುಗಲು ಹವಣಿಸುತ್ತಿತ್ತು, ತಿರುಗಿಸಲಿಲ್ಲ.

"ಯಣ್ಣಾ, ಚರಗ ಹೊಲದಾಗ ಕೂತೇ ಉಣ್ಣಬೇಕು. ಕಲ್ಲು ಇನ್ನೂ ಒಂದೇ ಕಾಣ್ತದೇನು ನೋಡು."

ನಾನು ತಿರುಗಿ ನೋಡಿದೆ. ಎರಡು ಕಲ್ಲು, ನಡುವೆ ಇಷ್ಟಗಲ ಆಕಾಶ.

"ಒಂದೇ ಕಾಣ್ತದವ್ವ," ಎಂದೆ. "ನೀ ಉಣ್ಣು."