ಬೀದಿಯವರ ಪ್ರೋಗ್ರಾಮು

ಸೇಲಂನ ಗುಗೈಯಲ್ಲಿ ಕಮಲಿನಿ ನೇಕಾರರ ಮಗಳು. ಸೀರೆ ಅಂಚಿನ ಚಿತ್ರ ಕೊಟ್ಟರೆ ಜಕಾರ್ಡ್ ಮಗ್ಗದ ರಟ್ಟುಗಳಿಗೆ ಎಲ್ಲಿ ತೂತು ಹೊಡೆಯಬೇಕೆಂದು ತೋರಿಸುವ ಪ್ರೋಗ್ರಾಮನ್ನು ತೊಂಬತ್ತೈದರಲ್ಲಿ ಬರೆದಳು. ಕೇಳಿದ ರಟ್ಟಿನಂಗಡಿಗಳಿಗೆಲ್ಲ ಅದರ ಮೂಲ ಸಾಲುಗಳ ಸಮೇತ ಫ್ಲಾಪಿಯಲ್ಲಿ ಹಾಕಿಕೊಟ್ಟಳು. "ತಿದ್ದಿಕೊಳ್ಳಿ, ತಿದ್ದಿದ್ದನ್ನು ನನಗೂ ತೋರಿಸಿ" ಎಂದಳು. ಯಾರೂ ತೋರಿಸಲಿಲ್ಲ. ದೂರು ಮಾತ್ರ ಅವಳ ಬಾಗಿಲಿಗೆ ಬರುತ್ತಿತ್ತು.

ಅವಳು ಹೊಸದಾಗಿ ಬರೆದದ್ದೆಲ್ಲ ಒಂದೇ ಫ್ಲಾಪಿಯಲ್ಲಿ, ಸೋದರಮಾವ ಶಿವಲಿಂಗಂ ಅವರ ರಟ್ಟಿನಂಗಡಿಯಲ್ಲಿತ್ತು. ಆಯುಧ ಪೂಜೆಯ ದಿನ ಮಾವ ಅದಕ್ಕೂ ಗಂಧ, ಕುಂಕುಮ ಬಳಿದರು. ಫ್ಲಾಪಿ ಕೆಟ್ಟಿತು.

"ಮಗ್ಗಕ್ಕೆ ಇಕ್ಕಿದೆ ಕಮಲಿ, ಅದುಕ್ಕೂ ಇಕ್ಕಿದೆ. ತಪ್ಪಾ?"

"ಮಗ್ಗ ಒರೆಸಿದ್ರೆ ಓಡ್ತೈತೆ ಮಾವ. ಇದು ಓಡಲ್ಲ."

"ತೆಂಗಿನಕಾಯಿ ಒಡೀಲಿಲ್ಲ, ಅದೇ ಪುಣ್ಯ," ಎಂದಳು ಅತ್ತೆ ಎಲ್ಲಮ್ಮ.

ಕಮಲಿನಿ ನಗಲಿಲ್ಲ. ತನ್ನೊಬ್ಬಳ ಕೈಯಲ್ಲೇ ಇದ್ದರೆ, ತಾನಿಲ್ಲದ ದಿನ ಈ ಪ್ರೋಗ್ರಾಮೂ ಹೀಗೆಯೇ ಸಾಯುತ್ತದೆ ಎಂದು ಆಗ ತಿಳಿಯಿತು.

ಮಾರನೆಯ ಬೆಳಗ್ಗೆ ಬೀದಿಯುದ್ದಕ್ಕೂ ಪಾವು ಕಟ್ಟಿದ್ದರು. ಮಗ್ಗಕ್ಕೇರುವ ಆ ಉದ್ದ ನೂಲು ಯಾರ ಮನೆಯದಾದರೂ ಗಂಜಿ ಹಚ್ಚಲು ಎಲ್ಲ ಮನೆಯವರೂ ಬಂದು ಹಿಡಿಯುತ್ತಾರೆ. ಒಬ್ಬರು ಎದ್ದು ಹೋದರೆ ಪಕ್ಕದವರ ಕೈ ಅಲ್ಲಿಗೆ ಬರುತ್ತದೆ. ಕಮಲಿನಿಯೂ ಒಂದು ಕಡೆ ಹಿಡಿದು ನಿಂತಳು. ಗಂಜಿ ಒಣಗುವಷ್ಟರಲ್ಲಿ ನಿರ್ಧಾರವೂ ಗಟ್ಟಿಯಾಗಿತ್ತು.

ತಾರಮಂಗಲ, ಕಾರಿಮಂಗಲ ಎಂದು ಬಸ್ಸು ಹಿಡಿದು, ಹಿಂದೆ ಕೊಟ್ಟ ಫ್ಲಾಪಿಗಳನ್ನು ಕೇಳುತ್ತ ತಿರುಗಿದಳು. ಒಬ್ಬೊಬ್ಬರೂ ಒಂದೊಂದು ತಪ್ಪು ತಿದ್ದಿಕೊಂಡು ಸುಮ್ಮನಿದ್ದರು. ತಾರಮಂಗಲದ ರಟ್ಟಿನಂಗಡಿಯ ಬೈರಪ್ಪ ಮಾತ್ರ ಕೊಡಲೊಪ್ಪಲಿಲ್ಲ.

"ನಾನ್ ಕಂಡ್ಕೊಂಡಿದ್ದ ಊರಿಗೆಲ್ಲಾ ಯಾಕಮ್ಮ ಕೊಡ್ಲಿ? ಅಂಚಿನ ಚಿತ್ರ ನಮ್ಮನೇದು."

"ಅಂಚು ನಿಮ್ಮದೇ ಇರ್ಲಿ ಅಣ್ಣ. ತಿದ್ದಿದ ಸಾಲು ಕೊಡಿ. ನಾಳೆ ನಿಮ್ ಪಾವು ಬೀದಿಗೆ ಬಂದ್ರೆ ನೀವೊಬ್ರೇ ಇಡೀತೀರಾ?"

ಬೈರಪ್ಪ ಹೊರಗೆ ಬೀದಿಯನ್ನು ನೋಡಿದ. "ವಾಯಾಡಿ ಕಣಮ್ಮ ನೀನು, ಬಾಯಿ ಜೋರು," ಎನ್ನುತ್ತ ಫ್ಲಾಪಿ ತೆಗೆದ.

ಎಲ್ಲವನ್ನೂ ಸೇರಿಸಿ ಹೊಸದು ಮಾಡಿದಳು. ಪ್ರತಿ ಅಂಗಡಿಯಲ್ಲೂ ನಕಲು. ಮೂಲ ಕಾಯುವ ಕೆಲಸ ವರ್ಷಕ್ಕೊಂದು ಅಂಗಡಿಯದು. ಯಾರು ತಿದ್ದಿದರೂ ಅಲ್ಲಿಗೆ ತಂದು ಸೇರಿಸಬೇಕು. ಮೊದಲ ಸರದಿಯನ್ನು ತಾನು ತೆಗೆದುಕೊಳ್ಳದೆ ಬೈರಪ್ಪನಿಗೆ ಕೊಟ್ಟಳು.

ಮುಂದಿನ ಬೇಸಗೆಯಲ್ಲಿ ಟೈಫಾಯ್ಡ್ ಬಂದು ಮಲಗಿದಳು. ಎದ್ದು ಮಾವನ ಅಂಗಡಿಗೆ ಹೋದಾಗ, ನವಿಲಂಚಿನಲ್ಲಿ ಕಂಡ ತಪ್ಪೊಂದನ್ನು ಬೈರಪ್ಪ ಆಗಲೇ ಸರಿಮಾಡಿ ಎಲ್ಲರಿಗೂ ಕಳಿಸಿಯಾಗಿತ್ತು.

"ನನ್ನ ಕೇಳ್ಲಿಲ್ವಾ ಮಾವ?"

"ನಿನ್ನ ಯಾಕೆ ಕೇಳ್ಬೇಕು?"

ಒಂದು ಗಳಿಗೆ ಮನಸ್ಸು ಚುರುಕ್ಕೆಂದಿತು. ಆಮೇಲೆ ಹೊಸ ಫ್ಲಾಪಿ ಕೇಳಿ ಪಡೆದು, ಎಲ್ಲರಂತೆ ಮನೆಗೆ ಹೋದಳು.