ಮಲ್ಸುನ್ ಎದೆಗೆ ಯಾರ ಸಹಿ ಬೇಕು?

“ಅದೃಷ್ಟವಂತೆ ಕಣೇ ನೀನು” ಎಂದು ಮಲ್ಸುನ್‌ಗೆ ಹೇಳುವ ಹೆಂಗಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಸಾನ್ ಬಂದರಿನ ಹಿಂದಿನ ಓಣಿಯಲ್ಲಿ, ದುಡ್ಡು ಕೊಟ್ಟು ಮೀಯಲು ಬರುವ ಹೆಂಗಸರ ಸ್ನಾನದ ಮನೆಯ ಗಲ್ಲಾದ ಮೇಲೆ ಕೂರುವವಳು ನಾನು. ಒಳಗೆ ಗಿರಾಕಿಗಳ ಮೈ ಉಜ್ಜಿ ಕೊಳೆ ತೆಗೆಯುವವಳು ಪಾಂಗ್ ಮಲ್ಸುನ್. ಕಪ್ಪು ಬ್ರಾ, ಕಪ್ಪು ಚಡ್ಡಿ, ಅದೇ ಈ ಕಸುಬಿನ ಸಮವಸ್ತ್ರ. ಮೇಜಿನ ಮೇಲೆ ಮಲಗಿದವರ ಮೇಲೆ ದಿನವಿಡೀ ಬಗ್ಗಿಯೇ ಇರಬೇಕು. ಅವಳ ಎದೆಯೋ, ಕತ್ತಿಗೆ ಎರಡು ಕಲ್ಲಂಗಡಿ ಕಟ್ಟಿದಂತೆ. ಬ್ರಾ ಪಟ್ಟಿ ಕೊರೆದು ಹೆಗಲಲ್ಲಿ ಹಳ್ಳ ಬಿದ್ದಿತ್ತು. ಎದೆಯ ಕೆಳಗಿನ ಮಡಿಕೆಯಲ್ಲಿ ಹುಣ್ಣು ಮಾಯುತ್ತಿರಲಿಲ್ಲ. ಈಚೆಗೆ ಬಲಗೈ ಬೆರಳೂ ಜೋಮು ಹಿಡಿಯುತ್ತಿತ್ತು.

“ಜನ ದುಡ್ಡು ಸುರಿದು ಹಾಕಿಸ್ಕೋತಾರೆ, ನಿಂಗೆ ಪುಕ್ಕಟೆ ಸಿಕ್ಕಿದೆ” ಎಂದು ಮೇಜಿನ ಮೇಲೆ ಅಂಗಾತ ಬಿದ್ದವರ ಕುಹಕ ಬೇರೆ.

“ಬೇಕಾದ್ರೆ ಬಿಚ್ಚಿ ಕೊಡ್ತೀನಿ, ಒಂದು ವಾರ ಹೊತ್ಕೊಂಡು ಓಡಾಡಿ” ಎನ್ನುತ್ತಿದ್ದಳು ಅವಳು.

ಕೊನೆಗೆ ನಾನೇ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಬಿಡಿಸಿ ಹೇಳಿದರು: “ಎದೆ ಸಣ್ಣದು ಮಾಡೋ ಆಪರೇಷನ್ ಇದು. ಪೂರ್ತಿ ಕತ್ತರಿಸಿ ಹಾಕಲ್ಲಮ್ಮ. ಹೆಚ್ಚಾಗಿರೋ ಕೊಬ್ಬು, ಗ್ರಂಥಿ, ಚರ್ಮ ತೆಗೀತೀವಿ. ತೊಟ್ಟನ್ನ ರಕ್ತನಾಳದ ಸಮೇತ ಮೇಲಕ್ಕೆ ಸರಿಸ್ತೀವಿ. ಅಲ್ಲಿ ಸ್ಪರ್ಶ ಕಡಿಮೆ ಆಗ್ಬಹುದು. ಕೆಳಗೆ ಲಂಗರಿನ ಆಕಾರದ ಗಾಯದ ಗುರುತು ಉಳಿಯುತ್ತೆ. ಎರಡು ತಿಂಗಳು ಉಜ್ಜೋ ಕೆಲಸ ಬೇಡ.”

“ಲಂಗರು ತಾನೆ? ಬಂದರಿನವಳಿಗೆ ಒಪ್ಪುತ್ತೆ ಬಿಡಿ” ಎಂದು ನಕ್ಕಳು ಮಲ್ಸುನ್. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುದ್ದಿ ಕೇಳಿ ಅವಳ ಮನೆಯಲ್ಲಿ ಬೆಂಕಿ ಬಿತ್ತು. ಗಂಡ ಪ್ಯೊಂಗ್‌ಹಾ ಟ್ಯಾಕ್ಸಿ ಓಡಿಸುವವನು. “ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?” ಎಂದು ಎಗರಾಡಿದ.

“ಇವನ್ನ ಹೊತ್ಕೊಂಡು ಓಡಾಡೋರು ನೀವಾ?” ಎಂದಳು ಇವಳು.

ಅತ್ತೆಯದೂ ಅದೇ ರಾಗ: “ಹೆತ್ತವರು ಕೊಟ್ಟ ಮೈಗೆ ಚಾಕು ಹಾಕಿಸ್ತಾಳಂತೆ!” ಸೊಸೆಯ ಕೆಲಸಕ್ಕೆ ನಾಚಿಕೊಂಡು ಬೇರೆ ಸ್ನಾನದ ಮನೆಗೆ ಹೋಗುತ್ತಿದ್ದವರು ಅವರು. ಸೊಸೆಯ ಮೈಯನ್ನು ಒಮ್ಮೆಯೂ ಕಂಡವರಲ್ಲ.

ಮಲ್ಸುನ್ ಆಸ್ಪತ್ರೆಗೆ ಸೇರಿಯೇಬಿಟ್ಟಳು. ಆದರೆ ಅಲ್ಲಿಯ ನರ್ಸು, “ಮನೆಯವರ ಸಹಿ ಬೇಕು, ಇಲ್ಲದಿದ್ರೆ ನಾಳೆಯ ಆಪರೇಷನ್ ರದ್ದು” ಎಂದಳು. ಪ್ಯೊಂಗ್‌ಹಾ ಫೋನ್ ಆಫ್ ಮಾಡಿ ಕೂತಿದ್ದ. ನಾನು ಹಾಕುತ್ತೇನೆಂದರೆ, “ನೀವು ಏನಾಗ್ಬೇಕು?” ಎಂದು ಪ್ರಶ್ನೆ.

ನನ್ನ ಪಿತ್ತ ನೆತ್ತಿಗೇರಿತು. ನಲವತ್ತೇಳು ವರ್ಷದ ಹೆಂಗಸು. ಊರವರ ಕೊಳೆ ಉಜ್ಜಿ ಮಗಳನ್ನು ಓದಿಸಿದ್ದಾಳೆ, ಗಂಡನ ಟ್ಯಾಕ್ಸಿಯ ಸಾಲ ತೀರಿಸಿದ್ದಾಳೆ. ಅವಳ ಎದೆಯ ಮೇಲೆ ಅವಳಿಗೇ ಅಧಿಕಾರ ಇಲ್ಲವೇ? “ಅವಳ ಕೈ ಇನ್ನೂ ಇದೆ, ಅವಳೇ ಹಾಕ್ತಾಳೆ ಸಹಿ!” ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ.

ಆಗಲೇ ಅತ್ತೆ ಬಂದರು. ಬೆನ್ನು ಬಿಲ್ಲಿನಂತೆ ಬಾಗಿ, ಮುಖ ನೆಲಕ್ಕೆ. ತಡೆಯಲೆಂದೇ ಬಂದಿದ್ದಾರೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. “ಸರಿಯಮ್ಮ ಆಚೆ” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದರು. “ಎಲ್ಲಿ, ತೋರಿಸು” ಎಂದರು.

ಮಲ್ಸುನ್ ಆಸ್ಪತ್ರೆಯ ಅಂಗಿಯನ್ನು ಹೆಗಲಿಂದ ಇಳಿಸಿದಳು. ಅತ್ತೆ ಆ ಹಳ್ಳಕ್ಕೆ ಬೆರಳಿಟ್ಟರು. ಬೆರಳಿನ ಗಿಣ್ಣು ಅರ್ಧ ಮುಳುಗಿತು. ಬೆರಳು ತೆಗೆಯದೆಯೇ ಹೇಳಿದರು:

“ನನಗೂ ಇಷ್ಟೇ ದೊಡ್ಡವಿದ್ವು. ಬಟ್ಟೆ ಬಿಗಿದು ಕಟ್ಕೊಂಡು ಗದ್ದೇಲಿ ನಾಟಿ ಮಾಡ್ದೆ. ಬೆನ್ನು ಬಾಗಿದ್ರೆ ವಯಸ್ಸಾಯ್ತು ಅಂದ್ರು ಎಲ್ಲಾರೂ. ಐವತ್ತಕ್ಕೇ ಬಾಗಿತ್ತು.”

“ಒಂದಿನಾನೂ ಹೇಳ್ಲಿಲ್ವಲ್ಲ, ಅತ್ತೆ!” ಎಂದಳು ಮಲ್ಸುನ್, ಸಿಟ್ಟಿನಿಂದ.

“ಯಾರು ಕೇಳಿದ್ರು?”

ಅವರೇ ಕಾಗದ ಎಳೆದುಕೊಂಡು ಸಹಿ ಹಾಕಿದರು. ನರ್ಸು, “ಅಜ್ಜಿ, ಗಂಡನದ್ದಾದ್ರೆ...” ಎಂದು ರಾಗ ತೆಗೆದಳು.

“ಅವನು ಕುಡಿದಿದ್ದು ನನ್ನ ಹಾಲು. ಇವು ಅವನ ಅಪ್ಪನ ಆಸ್ತಿಯಲ್ಲ. ತಗೊಂಡು ಹೋಗು!”

ನರ್ಸು ಕಾಗದ ತೆಗೆದುಕೊಂಡು ಹೋದಳು. ಮರುದಿನ ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು, “ಚೆನ್ನಾಗಾಯ್ತು, ಇನ್ಮೇಲೆ ಹೆಗಲಿಗೆ ಆರಾಮ” ಎಂದರು. ಅತ್ತೆ ಗೋಡೆ ಹಿಡಿದು ಎದ್ದು, ಬಾಗಿದ ಕತ್ತನ್ನು ಕಷ್ಟಪಟ್ಟು ಮೇಲೆತ್ತಿ ಅವರ ಮುಖ ನೋಡಿದರು.

“ನಂಗೆ ಎಂಬತ್ತು. ನಂಗೂ ಮಾಡ್ತೀರಾ?”

ಡಾಕ್ಟರು ತಮಾಷೆ ಎಂದುಕೊಂಡು ನಕ್ಕುಬಿಟ್ಟರು. ಅತ್ತೆ ಉತ್ತರಕ್ಕೆ ಕಾಯುತ್ತಲೇ ನಿಂತಿದ್ದರು.