ಕಡಲೊಳಗಿನ ಬಾವಿಗೆ ಮಣಿಪಾಲದ ದಾರಿ

ಎರ್ಮಾಳಿನಿಂದ ನಾವು ಹೊರಟದ್ದು ಬೆಳಿಗ್ಗೆ ಎಂಟಕ್ಕೆ. ನಾವು ಎಂದರೆ ನಾನು ಮತ್ತು ಮಗಳ ಮಗಳು ರಕ್ಷಾ. ಮೂವತ್ತು ವರ್ಷ ಆ ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿದ್ದೇನೆ. ಬರಿಗೈಯಲ್ಲಿ ಹತ್ತಿದ್ದು ಅದೇ ಮೊದಲು. ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

"ಬುಟ್ಟಿ ಎಲ್ಲುಂಟು ಅಜ್ಜಿ?" ಎಂದು ಕಂಡಕ್ಟರ್ ಕೇಳಿದ.

"ಇವತ್ತು ಕಾಲೇಜಿಗೆ ಹೋಗುವುದು ಮಾರಾಯ."

"ಹೌದಾ! ಯಾವ ಕ್ಲಾಸು?"

"ಎರಡು ಆಗಿದೆ. ಮೂರನೆಯದು ಬಾಕಿ."

ಬಸ್ಸಿಡೀ ನಕ್ಕಿತು. ರಕ್ಷಾ ನಗಲಿಲ್ಲ. ಅವಳಿಗೆ ಹೆದರಿಕೆ.

ಅವಳು ಮಣಿಪಾಲದಲ್ಲಿ ಭೂಗೋಳ ಮತ್ತು ಪರಿಸರ ಓದುತ್ತಾಳೆ. ಕಡಲು ನಮ್ಮೂರನ್ನು ಎಷ್ಟು ತಿಂದಿದೆ ಎಂದು ಅಳೆಯುವುದು ಅವಳ ಕೊನೆಯ ವರ್ಷದ ಕೆಲಸ. ಆಕಾಶದಿಂದ ತೆಗೆದ ಚಿತ್ರಗಳು ಅವಳ ಬಳಿ ಇವೆ. ಆದರೆ ನಮ್ಮ ಹಳೆಯ ಮನೆ ಆ ಚಿತ್ರಗಳಿಗೂ ಮೊದಲೇ ನೀರಿಗೆ ಹೋಗಿತ್ತು. ಆ ಮನೆಯ ಬಾವಿ ಎಲ್ಲಿತ್ತು ಎಂದು ಕೇಳಿದಾಗ ನಾನು ಕಡಲಿನ ಕಡೆ ಕೈ ತೋರಿಸಿದ್ದೆ. ಅವಳು ಅಂದಾಜಿಗೆ ಒಂದು ಚುಕ್ಕೆ ಇಟ್ಟಳು. ಅವಳ ಸರ್ ಒಪ್ಪಲಿಲ್ಲ. ಶನಿವಾರದೊಳಗೆ ಆ ಚುಕ್ಕೆಗೆ ಆಧಾರ ಸಿಗದಿದ್ದರೆ ಮೂರು ತಿಂಗಳ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕು. ಅದಕ್ಕೇ ಬಾವಿ ಕಂಡ ನಾನೇ ಹೊರಟದ್ದು. ಸರ್ ಮಾಡಿದ್ದು ತಪ್ಪಲ್ಲ. ನಾನೂ ತಾಜಾ ಹೌದೋ ಎಂದು ಕಿವಿರು ನೋಡದೆ ಮೀನು ತೆಗೆದುಕೊಂಡವಳಲ್ಲ.

ಕಾಪು ದಾಟಿ ಉಡುಪಿಗೆ ಬಂದೆವು. ಮಳೆಗಾಲ ಮುಗಿದಿದ್ದರೂ ಸೆಕೆ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ಹುಡುಗಿಯ ಮುಖ ಸ್ವಲ್ಪ ಅರಳಲಿ ಎಂದು ಒಂದು ಚೆಂಡು ಮಲ್ಲಿಗೆ ಕೊಂಡೆ. "ಮುಡಿಯುವ ದಿನವಾ ಇದು?" ಎಂದಳು. ನಾನೇ ಮುಡಿದುಕೊಂಡೆ. ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು, ಏರುದಾರಿ.

ಸರ್ ಚಿಕ್ಕ ಪ್ರಾಯದವರು. ಎದ್ದು ನಿಂತು ಕುರ್ಚಿ ಕೊಟ್ಟರು. ಮೇಜಿನ ಮೇಲೆ ನಮ್ಮೂರಿನ ದೊಡ್ಡ ನಕ್ಷೆ ಹರಡಿದರು. ನನಗೆ ತಲೆಬುಡ ತಿಳಿಯಲಿಲ್ಲ. ಕಡಲು ಎಡಗಡೆ ಇತ್ತು.

"ಇದು ನಮ್ಮೂರಲ್ಲ," ಎಂದೆ.

"ಅಜ್ಜಿ, ನಮ್ಮೂರೇ. ಉತ್ತರ ಮೇಲೆ ಇಡುವುದು ಕ್ರಮ," ಎಂದು ರಕ್ಷಾ ಪಿಸುಗುಟ್ಟಿದಳು.

"ನಿನ್ನ ಕ್ರಮ ನಿನಗೆ. ನಾನು ನೀರು ಸೇದುವಾಗ ಕಡಲು ಬೆನ್ನಿಗೆ ಇತ್ತು. ಕೆಳಗೆ ಹಾಕಿ ಇದನ್ನು."

ಸರ್ ನಕ್ಷೆಯನ್ನು ನೆಲಕ್ಕೆ ಹಾಸಿದರು. ಕಡಲು ಬೆನ್ನಿಗೆ ಬರುವ ಹಾಗೆ ತಿರುಗಿಸಿಕೊಂಡು ನಾನು ಕುಳಿತೆ. ಆಗ ಎಲ್ಲ ತಿಳಿಯಿತು. ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದು ನಿಂತರೆ ಎಡಕ್ಕೆ ಭಜನಾ ಮಂದಿರದ ಹೆಂಚಿನ ಮಾಡಿನ ತುದಿಯಲ್ಲಿ ಸರಿಯಾಗಿ ಕಾಪುವಿನ ದೀಪಸ್ತಂಭ ನಿಲ್ಲುತ್ತಿತ್ತು. ಎದುರಿಗೆ ಇಗರ್ಜಿಯ ಶಿಲುಬೆ, ಅದರ ಬೆನ್ನಿಗೆ ಕಾರ್ಕಳದಾಚೆ ಘಟ್ಟದ ಒಂದು ಚೂಪು ತುದಿ. ನಾವು ಅದನ್ನು ಕುದುರೆ ಮೂಗು ಎನ್ನುತ್ತೇವೆ. ಗಂಡಸರು ಕಡಲಿನಲ್ಲಿ ಹೀಗೆ ಗುರುತಿಗೆ ಗುರುತು ಕೂಡಿಸಿಯೇ ಮೀನಿನ ಜಾಗ ಹಿಡಿಯುವುದು. ಹೆಂಗಸರಿಗೂ ಕಣ್ಣುಂಟಲ್ಲ.

ತಲೆಯ ಮಲ್ಲಿಗೆ ತೆಗೆದು, ಕಟ್ಟಿದ್ದ ಬಾಳೆನಾರು ಬಿಚ್ಚಿ ಎರಡು ಎಳೆ ಮಾಡಿದೆ. ಸರ್ ಬೆರಳಿಟ್ಟು ತೋರಿಸಿದ ಹಾಗೆ ಒಂದನ್ನು ದೀಪಸ್ತಂಭದ ದಿಕ್ಕಿನಿಂದ ಮಂದಿರದ ಮೇಲೆ, ಇನ್ನೊಂದನ್ನು ಘಟ್ಟದ ದಿಕ್ಕಿನಿಂದ ಶಿಲುಬೆಯ ಮೇಲೆ ಎಳೆದು ಹಿಡಿದೆ. ಅವು ನೀರಿನ ನೀಲಿಯಲ್ಲಿ ಒಂದನ್ನೊಂದು ದಾಟಿದವು. ಸರ್ ಅದೇ ಗೆರೆಗಳನ್ನು ಕಂಪ್ಯೂಟರಿನಲ್ಲಿ ಎಳೆದರು. ರಕ್ಷಾಳ ಚುಕ್ಕೆ ಎಲ್ಲೋ ಇತ್ತು, ಗೆರೆ ಸೇರಿದ್ದು ಇನ್ನೂ ಆಳದಲ್ಲಿ.

"ಅಮ್ಮ, ಈಗಲೂ ಇರುವ ಒಂದು ಬಾವಿಯನ್ನು ಹೀಗೆಯೇ ಹೇಳಿ. ಪರೀಕ್ಷೆ ಎಂದುಕೊಳ್ಳಬೇಡಿ," ಎಂದರು.

"ಪರೀಕ್ಷೆಯೇ ಅಲ್ವಾ? ಮಾಡಿ."

ನಾದಿನಿಯ ಮನೆಯ ಬಾವಿಯ ಗುರುತು ಹೇಳಿದೆ. ಗೆರೆ ಎಳೆದು ಆಕಾಶದ ಚಿತ್ರವನ್ನು ಹತ್ತಿರಕ್ಕೆ ತಂದರು. ಗೆರೆ ಸೇರಿದಲ್ಲಿ ತೆಂಗಿನ ಪಕ್ಕ ಒಂದು ಕಪ್ಪು ಉರುಟು ಕಂಡಿತು. ಬಾವಿ. ಸರ್ ನೆಲದ ಮೇಲೆಯೇ ಕುಳಿತುಬಿಟ್ಟರು. ರಕ್ಷಾ ನನ್ನ ತೋಳು ಹಿಡಿದದ್ದು ಬಿಡಲಿಲ್ಲ. ನೋಯುತ್ತಿತ್ತು.

"ಇನ್ನು ವಿಷಯ ಬದಲಿಸಬೇಕಾಗಿಲ್ಲ," ಎಂದರು ಸರ್. "ಈ ಜಾಗಕ್ಕೆ ಏನೆಂದು ಬರೆಯಲಿ ಅಮ್ಮ?"

"ನನ್ನ ಹೆಸರು ಗಿರಿಜ. ಗಿರಿಜಳ ಬಾವಿ ಎಂದು ಬರೆಯಿರಿ. ನೀರು ಸಿಹಿ ಇತ್ತು. ಅದನ್ನೂ ಬರೆಯಿರಿ."

ಬರೆದರು. ನಾನು ನೋಡಿದೆ, ಅಕ್ಷರ ಕೂಡಿಸಿ ಓದಿದೆ, ಸರಿ ಇತ್ತು. ಈ ಪ್ರಾಯದಲ್ಲಿ ನನ್ನನ್ನು ಕೇಳಲಿಕ್ಕೆ ಬರುವುದೆಂದರೆ ಮೀನಿನ ರೇಟು ಮಾತ್ರ. ಅವರಿಬ್ಬರು ಬೇರೆಯದನ್ನು ಕೇಳಿದರು, ಉತ್ತರ ಬರುವ ತನಕ ಕಾದರು. ಆ ಉಪಕಾರ ನಾನು ಮರೆಯುವವಳಲ್ಲ.

ಹಿಂದೆ ಬರುವಾಗ ಬಸ್ಸಿನಲ್ಲಿ ರಕ್ಷಾ ಆ ಬಿಡಿ ಮಲ್ಲಿಗೆಯನ್ನು ಕರವಸ್ತ್ರದಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದಳು. ಎರ್ಮಾಳಿನಲ್ಲಿ ಇಳಿದು, ಮನೆಗೆ ಹೋಗುವ ಮೊದಲು ಕಡಲ ಬದಿಗೆ ಹೋದೆವು. ಬಿಸಿಲು ಇನ್ನೂ ಇತ್ತು. ತಡೆಗೋಡೆಯ ಕಲ್ಲಿನ ಮೇಲೆ ಕಡಲಿಗೆ ಬೆನ್ನು ಹಾಕಿ ನಿಂತೆ. ಕುದುರೆ ಮೂಗು ಶಿಲುಬೆಯ ಹಿಂದೆಯೇ ಇತ್ತು. ದೀಪಸ್ತಂಭ ಮಾತ್ರ ಮಾಡಿನ ತುದಿ ಬಿಟ್ಟು ಬಲಕ್ಕೆ ಸರಿದಿತ್ತು.

"ಬಾವಿ ಇಲ್ಲಿಂದ ಎಷ್ಟು ದೂರ ಅಜ್ಜಿ?" ಎಂದಳು.

"ಅದನ್ನು ನೀನು ಅಳೆ. ನಿನ್ನ ಕೆಲಸ ಅದು," ಎಂದೆ.